ಬಾವಿ ನೀರಿನಲ್ಲಿ ನೈಟ್ರೇಟ್: ಪತ್ತೆ ಮತ್ತು ಪರಿಹಾರ

ನೀರು ತಿಳಿಯಾಗಿದೆ, ಬಾಯಿಗೆ ಸಿಹಿಯಾಗಿದೆ, ಬೇಳೆ ಚೆನ್ನಾಗಿ ಬೇಯುತ್ತದೆ. ಆದ್ದರಿಂದ ಕುಡಿಯಲು ಯೋಗ್ಯವೆಂಬ ನಂಬಿಕೆ ಹಳ್ಳಿಗಳಲ್ಲಿ ಸಾಮಾನ್ಯ. ನೈಟ್ರೇಟಿನ ವಿಷಯದಲ್ಲಿ ಈ ಪರೀಕ್ಷೆಗಳಾವುವೂ ನಡೆಯವು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಸಂಸ್ಥೆ ಗೊತ್ತುಪಡಿಸಿದೆ. ಕರ್ನಾಟಕದ ಅನೇಕ ಜಿಲ್ಲೆಗಳಲ್ಲಿ ಈ ಮಿತಿ ಮೀರಿದ ಬಾವಿಗಳಿವೆ.

ಹೆಚ್ಚಿನ ಅಪಾಯ ಆರು ತಿಂಗಳೊಳಗಿನ ಕೂಸುಗಳಿಗೆ. ಹಾಲಿನ ಪುಡಿ ಕಲಸಲು ಇಂತಹ ನೀರನ್ನು ಬಳಸಿದರೆ, ಹೊಟ್ಟೆಯಲ್ಲಿ ನೈಟ್ರೇಟು ನೈಟ್ರೈಟಾಗಿ ಮಾರ್ಪಟ್ಟು, ರಕ್ತವು ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಂದಿಸುತ್ತದೆ. ಮಗುವಿನ ತುಟಿ, ಉಗುರುಗಳು ನೀಲಿಗಟ್ಟುತ್ತವೆ. ತಡವಾದರೆ ಪ್ರಾಣಕ್ಕೇ ಸಂಚಕಾರ. ಬಾವಿ ನೀರಿಗೂ ಈ ಕಾಯಿಲೆಗೂ ಇರುವ ನಂಟನ್ನು 1945ರಲ್ಲಿ ಅಮೆರಿಕದ ಅಯೋವಾದ ವೈದ್ಯರೊಬ್ಬರು ತೋರಿಸಿಕೊಟ್ಟರು. ಎದೆಹಾಲು ಕುಡಿಯುವ ಕೂಸಿಗೆ ಈ ಭಯ ಬಹಳ ಕಡಿಮೆ.

ಮಣ್ಣಿನ ಜೇಡಿಕಣಗಳಲ್ಲಿ ಋಣ ವಿದ್ಯುದಂಶವಿರುತ್ತದೆ. ನೈಟ್ರೇಟಿನದೂ ಅದೇ ಗುಣವಾದ್ದರಿಂದ ಮಣ್ಣು ಅದನ್ನು ಹಿಡಿದಿಡಲಾರದು. ಯೂರಿಯಾವನ್ನು ಒಂದೇ ಕಂತಿನಲ್ಲಿ ಎರಚಿ ಮಡಿ ತುಂಬ ನೀರು ಕಟ್ಟಿದರೆ, ಬೆಳೆ ಉಣ್ಣದೆ ಉಳಿದ ಸಾರಜನಕ ನೈಟ್ರೇಟಾಗಿ ಬೇರಿನ ಆಳ ದಾಟಿ ಬಸಿದುಹೋಗುತ್ತದೆ. ತಿಪ್ಪೆಗುಂಡಿ, ಕೊಟ್ಟಿಗೆಯ ಗಂಜಲ, ಶೌಚದ ಗುಂಡಿಗಳಿಂದಲೂ ಅದು ಇಳಿಯುತ್ತದೆ. ಬಾವಿಯ ಮಗ್ಗುಲಲ್ಲೇ ತಿಪ್ಪೆಯಿಟ್ಟು ಯೂರಿಯಾವನ್ನು ಮಾತ್ರ ದೂರುವುದು ನ್ಯಾಯವಲ್ಲ.

ಪತ್ತೆಗೆ ನೀರಿನ ಪರೀಕ್ಷೆಯೊಂದೇ ದಾರಿ. ಪಂಪನ್ನು ಹತ್ತು ನಿಮಿಷ ಓಡಿಸಿದ ಮೇಲೆ, ಶುದ್ಧವಾದ ಪ್ಲಾಸ್ಟಿಕ್ ಸೀಸೆಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಬೇಕು. ಗೊಬ್ಬರದ ಚೀಲ ಮುಟ್ಟಿದ ಕೈ ತಾಗಕೂಡದು. ಬಾವಿಯ ಗುರುತು, ದಿನಾಂಕ ಬರೆದು, ತಂಪಾಗಿಟ್ಟು ಅಂದೇ ಪ್ರಯೋಗಾಲಯಕ್ಕೆ ಮುಟ್ಟಿಸುವುದು ಒಳ್ಳೆಯದು. ತಡವಾದರೆ ಸೂಕ್ಷ್ಮಜೀವಿಗಳು ನೈಟ್ರೇಟಿನ ಪ್ರಮಾಣವನ್ನು ಬದಲಿಸುತ್ತವೆ. ಮುಂಗಾರಿಗೆ ಮೊದಲೊಮ್ಮೆ, ಮಳೆ ನಿಂತ ಮೇಲೊಮ್ಮೆ ಪರೀಕ್ಷಿಸಿದರೆ ಏರಿಳಿತ ತಿಳಿಯುತ್ತದೆ.

ನೀರನ್ನು ಕುದಿಸುವುದರಿಂದ ನೈಟ್ರೇಟ್ ಹೋಗದು. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಪಟಿಕ, ಬ್ಲೀಚಿಂಗ್ ಪುಡಿಗಳಿಂದಲೂ ಪ್ರಯೋಜನವಿಲ್ಲ. ಹಿಮ್ಮುಖ ಪರಾಸರಣದ ಯಂತ್ರ, ಎಂದರೆ ಊರಿನ ಆರ್‌.ಓ. ಘಟಕ, ಇದನ್ನು ಬಹುಪಾಲು ತೆಗೆಯುತ್ತದೆ. ಆದರೆ ಅದು ಹೊರಬಿಡುವ ನೀರಿನಲ್ಲಿ ನೈಟ್ರೇಟ್ ಇನ್ನೂ ದಟ್ಟವಾಗಿರುವುದರಿಂದ ಅದನ್ನು ಇಂಗುಗುಂಡಿಗೆ ಬಿಡಬಾರದು. ಮಗುವಿರುವ ಮನೆಯವರು ಫಲಿತಾಂಶ ಬರುವವರೆಗೆ ಬೇರೆ ನೀರು ಬಳಸುವುದು ಕ್ಷೇಮ. ತಿಪ್ಪೆಯನ್ನು ಬಾವಿಯಿಂದ 50 ಅಡಿಯಾದರೂ ದೂರಕ್ಕೆ, ಇಳಿಜಾರಿನ ಕೆಳಬದಿಗೆ ಸರಿಸಬೇಕು. ಯೂರಿಯಾವನ್ನು ಎರಡು ಮೂರು ಕಂತಿನಲ್ಲಿ ಕೊಡಬೇಕು.

ಇಂತಹ ನೀರು ಹೊಲಕ್ಕೆ ಗೊಬ್ಬರವೇ ಸರಿ. ಲೀಟರಿಗೆ 90 ಮಿಲಿಗ್ರಾಂ ನೈಟ್ರೇಟಿರುವ ನೀರನ್ನು ಎಕರೆಗೆ ಎರಡು ಅಂಗುಲದಂತೆ ಒಮ್ಮೆ ಹಾಯಿಸಿದರೆ ಸುಮಾರು 4 ಕಿಲೋ ಸಾರಜನಕ ಸಿಗುತ್ತದೆ. ಹತ್ತು ಸಲ ಹಾಯಿಸಿದರೆ 40 ಕಿಲೋ, ಅಂದರೆ 45 ಕಿಲೋದ ಎರಡು ಚೀಲ ಯೂರಿಯಾದಷ್ಟು. ಅಷ್ಟೂ ಬೆಳೆಗೆ ದಕ್ಕದು. ಅರ್ಧ ಹಿಡಿದರೂ ಎಕರೆಗೊಂದು ಚೀಲ ಉಳಿಯುತ್ತದೆ. ಪರೀಕ್ಷೆಯ ವರದಿಯನ್ನು ಕೃಷಿ ಅಧಿಕಾರಿಗಳಿಗೆ ತೋರಿಸಿ, ಮೇಲುಗೊಬ್ಬರದಲ್ಲಿ ಅಷ್ಟನ್ನು ಕಳೆದು ಹಾಕಬಹುದು.