ಆಸ್ಪತ್ರೆಯ ಮೆಟ್ಟಿಲೂ ಬೆಳೆಗಾರನ ಕೈಚೀಲವೂ



ಮನೆಯಲ್ಲೊಬ್ಬರಿಗೆ ಹೃದಯದ ಶಸ್ತ್ರಚಿಕಿತ್ಸೆ ಬೇಕಾಯಿತೆಂದರೆ ಸಣ್ಣ ಹಿಡುವಳಿದಾರನಿಗೆ ಒಂದು ವರ್ಷದ ಅಡಿಕೆ ಹುಟ್ಟುವಳಿಯೂ ಸಾಲದು. ಆದುದರಿಂದ ನಮ್ಮ ಆರೋಗ್ಯ ವ್ಯವಸ್ಥೆಯ ರೀತಿನೀತಿ ಎಲ್ಲರೂ ತಿಳಿದಿರಬೇಕು.

ಬಯಲುಸೀಮೆಯಲ್ಲಿ 5,000 ಜನರಿಗೊಂದು ಉಪಕೇಂದ್ರ, 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರ್ಕಾರದ ಲೆಕ್ಕ. ಅದರ ಮೇಲೆ ಗುಬ್ಬಿ, ಕುಣಿಗಲ್‌ಗಳ ತಾಲ್ಲೂಕು ಆಸ್ಪತ್ರೆಗಳು. ಅವುಗಳ ಮೇಲೆ ತುಮಕೂರಿನ ಜಿಲ್ಲಾ ಆಸ್ಪತ್ರೆ. ಕೆಳಗಿನ ಮೆಟ್ಟಿಲಲ್ಲಿ ತಜ್ಞ ವೈದ್ಯರು ಇಲ್ಲವಾದರೆ ಭಾರವೆಲ್ಲ ಮೇಲಿನದಕ್ಕೆ ಬೀಳುತ್ತದೆ.

ಇನ್ನೊಂದು ತೊಡಕು ಹಣದ್ದು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವುಂಟು. ಎ.ಪಿ.ಎಲ್. ಚೀಟಿದಾರರಿಗಾದರೋ ನಿಗದಿತ ವೆಚ್ಚದ ಶೇ. 30 ಮಾತ್ರ. ಎರಡೆಕರೆ ತೋಟದವನು ಈ ಸಾಲಿಗೆ ಸೇರಿದ್ದರೆ ಉಳಿದುದಕ್ಕೆ ಸಾಲವೇ ಗತಿ.

ಇಂಥವರಿಗೆ ಆಸರೆ ಸಹಕಾರಿಗಳ ಯಶಸ್ವಿನಿ. 2003ರಲ್ಲಿ ತಲೆಗೆ ವಾರ್ಷಿಕ 60 ರೂ. ವಂತಿಗೆಯಿಂದ ಆರಂಭವಾಗಿ, 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಂಡು, 2023ರ ಜನವರಿಯಲ್ಲಿ ಮರಳಿ ಬಂತು. ಆಗ ಗ್ರಾಮೀಣ ಸದಸ್ಯನ ನಾಲ್ವರ ಕುಟುಂಬಕ್ಕೆ 500 ರೂ. ಗೊತ್ತುಪಡಿಸಲಾಯಿತು. ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಮಾತ್ರ ಇದು ಸಲ್ಲುತ್ತದೆ. ನೆಗಡಿ, ಜ್ವರಕ್ಕೆ ಸರ್ಕಾರಿ ಆಸ್ಪತ್ರೆಯೇ ದಿಕ್ಕು.

ಕೊಳೆರೋಗ ಹತ್ತಿದ ಮೇಲೆ ಬೋರ್ಡೋ ಸಿಂಪಡಿಸಿ ಫಲವೇನು? ನೋಂದಣಿ ತೆರೆದಾಗಲೇ ಸಂಘಕ್ಕೆ ಬಂದು ವಂತಿಗೆ ಕಟ್ಟಿರಿ.