ತೋಟದ ಹಕ್ಕಿಯ ಚಿತ್ರವನ್ನು ತಿದ್ದುವ ಬಗೆ

ತೋಟದಲ್ಲಿ ತೆಗೆದ ಹಕ್ಕಿಯ ಚಿತ್ರಗಳನ್ನು ತೋರಿಸುವಾಗ ನಮ್ಮ ಸದಸ್ಯ ಬಾಂಧವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ಹಕ್ಕಿ ಸಣ್ಣದಾಗಿದೆ, ಕಪ್ಪಾಗಿದೆ. ಕಾಫಿ ತೋಟದಲ್ಲಿ ಇದು ಸಹಜ. ಹಕ್ಕಿ ಕೂರುವುದು ನೆರಳುಮರದ ತುದಿಯಲ್ಲಿ, ಅದರ ಹಿಂದಿರುವುದು ಬೆಳ್ಳನೆಯ ಆಕಾಶ. ಕ್ಯಾಮೆರಾ ಆಕಾಶದ ಬೆಳಕನ್ನೇ ಲೆಕ್ಕಕ್ಕೆ ಹಿಡಿದು ಹಕ್ಕಿಯನ್ನು ಮಸಿ ಮಾಡಿಬಿಡುತ್ತದೆ. ಅಂತಹ ಚಿತ್ರವನ್ನು ಎಸೆಯಬೇಕಾಗಿಲ್ಲ.

ಮೂಡಿಗೆರೆಯ ಕಾಫಿ ಬೆಳೆಗಾರರೂ ಸಾಹಿತಿಗಳೂ ಆಗಿದ್ದ ಪೂರ್ಣಚಂದ್ರ ತೇಜಸ್ವಿಯವರು (1938–2007) ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆಯುತ್ತಿದ್ದ ಫಿಲ್ಮಿನ ಕಾಲದಲ್ಲಿ ತಿದ್ದುವ ಕೆಲಸ ನಡೆಯುತ್ತಿದ್ದುದು ಕತ್ತಲೆ ಕೋಣೆಯಲ್ಲಿ. ಬೇಡದ ಅಂಚು ಕಾಗದದಿಂದ ಹೊರಗುಳಿಯುವಂತೆ ನೆಗೆಟಿವನ್ನು ಹಿಗ್ಗಿಸುತ್ತಿದ್ದರು. ತಂತಿಗೆ ಸಿಕ್ಕಿಸಿದ ರಟ್ಟಿನ ಚೂರನ್ನು ಬೆಳಕಿಗೆ ಅಡ್ಡವಾಗಿ ಕೆಲವು ಸೆಕೆಂಡು ಆಡಿಸಿದರೆ ಅಷ್ಟು ಭಾಗ ಅಚ್ಚಿನಲ್ಲಿ ತಿಳಿಯಾಗುತ್ತಿತ್ತು. ಇಂದು ಕಂಪ್ಯೂಟರಿನಲ್ಲಿಯೋ ಮೊಬೈಲಿನಲ್ಲಿಯೋ ಮಾಡುವುದು ಇದನ್ನೇ.

ಮೊದಲು ಕತ್ತರಿಸುವುದು. 6000ಕ್ಕೆ 4000 ಚುಕ್ಕಿಗಳ ಚಿತ್ರದಿಂದ 1800ಕ್ಕೆ 1200 ಚುಕ್ಕಿಗಳ ತುಂಡನ್ನು ಉಳಿಸಿಕೊಂಡರೆ, ಅಂಗುಲಕ್ಕೆ 300 ಚುಕ್ಕಿಯಂತೆ 6 ಅಂಗುಲ ಅಗಲ, 4 ಅಂಗುಲ ಎತ್ತರದ ಅಚ್ಚು ಚೊಕ್ಕವಾಗಿ ಬರುತ್ತದೆ. ಅದಕ್ಕಿಂತ ಹೆಚ್ಚು ಕತ್ತರಿಸಿ ಅದೇ ಅಳತೆಗೆ ಹಿಗ್ಗಿಸಿದರೆ ಗರಿಗಳು ಹಿಟ್ಟುಹಿಟ್ಟಾಗುತ್ತವೆ. ಕಣ್ಣೇ ಹರಿತವಾಗಿ ಬಂದಿರದಿದ್ದರೆ ಕತ್ತರಿಸಿದಷ್ಟೂ ದೋಷ ದೊಡ್ಡದಾಗುವುದೇ ಹೊರತು ಹಕ್ಕಿಯಲ್ಲ. ಹಕ್ಕಿ ನೋಡುತ್ತಿರುವ ಕಡೆ ಒಂದಿಷ್ಟು ಜಾಗ ಬಿಡುವುದು ಒಳ್ಳೆಯದು. ಕೊಕ್ಕಿನ ಮುಂದೆಯೇ ಅಂಚು ಬಂದರೆ ಹಕ್ಕಿ ಗೋಡೆಗೆ ಮುಖ ಮಾಡಿ ಕುಳಿತಂತೆ ಕಾಣುತ್ತದೆ.

ಬೆಳಕಿನ ವಿಷಯದಲ್ಲಿ ನೆರಳಿನ ಭಾಗವನ್ನು ಮಾತ್ರ ಸ್ವಲ್ಪ ಸ್ವಲ್ಪವಾಗಿ ಎತ್ತತಕ್ಕದ್ದು. ಇಡೀ ಚಿತ್ರವನ್ನೇ ಎತ್ತಿದರೆ ಆಕಾಶ ಸುಣ್ಣದ ಗೋಡೆಯಾಗುತ್ತದೆ. ಪೂರ್ತಿ ಬೆಳ್ಳಗಾಗಿ ದಾಖಲಾದ ಜಾಗದಲ್ಲಿ ವಿವರವೇ ಇರುವುದಿಲ್ಲವಾದ್ದರಿಂದ ಅದನ್ನು ಯಾವ ಉಪಾಯದಿಂದಲೂ ಮರಳಿ ತರಲಾಗದು. ಕಪ್ಪಿನಲ್ಲಿ ಅಷ್ಟಿಷ್ಟು ಅಡಗಿರುತ್ತದೆ. ಆದರೆ ಅತಿಯಾಗಿ ಎಳೆದರೆ ರವೆ ಚೆಲ್ಲಿದಂತೆ ಕಾಳುಕಾಳಾಗುತ್ತದೆ. ಜೆಪೆಗ್ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ, 14 ಬಿಟ್ಟಿನ ರಾ ಚಿತ್ರದಲ್ಲಿ 16,384. ತಿದ್ದುವ ಉದ್ದೇಶವಿದ್ದವರು ರಾ ಚಿತ್ರವನ್ನೇ ತೆಗೆಯುವುದು ಲೇಸು.

ಎಲೆಗಳ ನಡುವೆ ಕುಳಿತ ಹಕ್ಕಿಯ ಹೊಟ್ಟೆಗೆ ಹಸಿರು ಛಾಯೆ ಬಡಿದಿರುತ್ತದೆ. ಅದನ್ನು ತೆಗೆಯಬಹುದು. ಆದರೆ ಅಂದಕ್ಕೆಂದು ಬಣ್ಣ ಏರಿಸುವವರಿಗೆ ನಮ್ಮ ಒಪ್ಪಿಗೆಯಿಲ್ಲ. ಮಲಬಾರ್ ಬೂದು ಮಂಗಟ್ಟೆಯನ್ನೇ ನೋಡಿ: ಗಂಡಿನ ಕೊಕ್ಕು ಕಿತ್ತಳೆ, ತುದಿ ಹಳದಿ. ಹೆಣ್ಣಿನದು ತಿಳಿ ಹಳದಿ, ಕೆಳಕೊಕ್ಕಿನ ಬುಡದಲ್ಲಿ ಕಪ್ಪು. ಹಳದಿಯನ್ನು ಕೆಂಪಿಗೆ ಎಳೆದು ಕಪ್ಪನ್ನು ತಿಳಿಮಾಡಿದರೆ ಹೆಣ್ಣು ಗಂಡಾಗಿಬಿಡುತ್ತದೆ.

ಇದರಿಂದ ನಷ್ಟವೇನೆಂದು ಕೇಳಬಹುದು. ಮಂಗಟ್ಟೆಯ ಹೆಣ್ಣು ಮರದ ಪೊಟರೆಯೊಳಗೆ ಸೇರಿ, ಸಣ್ಣ ಸೀಳೊಂದನ್ನು ಬಿಟ್ಟು ಬಾಯಿಯನ್ನು ಮುಚ್ಚಿಕೊಂಡು ಮೊಟ್ಟೆಯಿಡುತ್ತದೆ. ಗಂಡು ಹಣ್ಣು ತಂದು ಆ ಸೀಳಿನಿಂದ ಉಣಿಸುತ್ತದೆ. ಬೇಸಗೆಯಲ್ಲಿ ಕೊಕ್ಕಿನಲ್ಲಿ ಹಣ್ಣು ಹಿಡಿದ ಗಂಡು ಕಂಡರೆ ಹತ್ತಿರದಲ್ಲಿ ಗೂಡಿದೆಯೆಂದು ಊಹಿಸಬಹುದು. ನಮ್ಮಲ್ಲಿ ಮರಗಸಿಯೂ ಆಗಲೇ.

ಒಂದು ಮಾರ್ಚಿಯಲ್ಲಿ ನಮಗೆ ಅಂತಹ ಚಿತ್ರವೊಂದು ಸಿಕ್ಕಿತು. ಗೇಣುದ್ದ ರೆಂಬೆಯೊಡನೆ ಹಕ್ಕಿಯನ್ನಷ್ಟೇ ಉಳಿಸಿ ಕತ್ತರಿಸಿ, ಮೂಲದ ಮೇಲೆಯೇ ಉಳಿಸಿಬಿಟ್ಟೆವು. ಏಪ್ರಿಲಿನಲ್ಲಿ ಮರ ಹತ್ತುವವರು ಕತ್ತಿ ಹಿಡಿದು ಬಂದು, "ಹಕ್ಕಿ ಕೂತಿದ್ದು ಯಾವ ಮರದಲ್ಲಿ ಸ್ವಾಮಿ?" ಎಂದು ಕೇಳಿದರೆ ಚಿತ್ರದಲ್ಲಿ ಮರವೇ ಇಲ್ಲ! ಆ ಸಾಲಿನ ಕೆಲಸ ನಿಲ್ಲಿಸಿ ಎರಡು ಬೆಳಗು ಕಾದೆವು. ಗೂಡಿದ್ದುದು ಕಡಿಯಲೆಂದು ಗುರುತು ಹಾಕಿದ್ದ ಕೊಂಬೆಯಲ್ಲಿಯೇ. ಅದನ್ನು ಬಿಟ್ಟುದರಿಂದ ಕೆಳಗಿನ ನಾಲ್ಕಾರು ಗಿಡಗಳಿಗೆ ಆ ವರ್ಷ ನೆರಳು ಹೆಚ್ಚಾಯಿತು, ಅಷ್ಟೆ. ಈಗ ಕತ್ತರಿಸುವ ಮೊದಲು ಮೂಲಚಿತ್ರದ ಪ್ರತಿಯೊಂದನ್ನು ತಾರೀಖು ಮತ್ತು ಮರದ ಗುರುತು ಬರೆದು ಬೇರೆ ಇಡುತ್ತೇವೆ.