ಕಿವಿಗೆ ಕಚ್ಚು ಬಿದ್ದ ನಾಯಿ, ಕವಲೊಡೆದ ಗರ್ಭಕೋಶ

ಬೆಂಗಳೂರಿನ ಸುಬ್ರಹ್ಮಣ್ಯಪುರದ ಯಾವುದೇ ಅಡ್ಡರಸ್ತೆಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಒಂದಾದರೂ ಬೀದಿನಾಯಿ ಎದುರಾಗುತ್ತದೆ. ಅದರ ಕಿವಿ ನೋಡಿ. ಒಂದು ಕಿವಿಯ ಅಂಚಿನಲ್ಲಿ ಕಚ್ಚು ಬಿದ್ದಿದ್ದರೆ ಅದಕ್ಕೆ ಸಂತಾನಹರಣ ಚಿಕಿತ್ಸೆ ಆಗಿದೆ ಎಂದು ಅರ್ಥ. ಅದನ್ನೇ ಮತ್ತೆ ಹಿಡಿದು ತಂದು ಹೊಟ್ಟೆ ಕೊಯ್ಯದಿರಲಿ ಎಂದು, ಅರಿವಳಿಕೆ ಇಳಿಯುವ ಮುಂಚೆಯೇ ಹಾಕುವ ಗುರುತು ಅದು. ಕೇಂದ್ರ ಸರ್ಕಾರದ 2001ರ ನಿಯಮ, ಅದರ ಜಾಗಕ್ಕೆ ಬಂದ 2023ರ ನಿಯಮ, ಎರಡೂ ಹೇಳುವುದು ಇಷ್ಟೇ: ಹಿಡಿಯಿರಿ, ಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಿ. ಆಗಿನ ಬಿಬಿಎಂಪಿ ಸಮೀಕ್ಷೆಯ ಪ್ರಕಾರ 2019ರಲ್ಲಿ ನಗರದಲ್ಲಿದ್ದ ಬೀದಿನಾಯಿಗಳು ಸುಮಾರು 3.10 ಲಕ್ಷ, 2023ರಲ್ಲಿ ಸುಮಾರು 2.79 ಲಕ್ಷ. ಚಿಕಿತ್ಸೆಯಾದ ನಾಯಿಗಳ ಪ್ರಮಾಣ ಶೇ 51ರಿಂದ ಶೇ 72ರ ಆಸುಪಾಸಿಗೆ ಏರಿತ್ತು. ಕೆಲಸ ನಿಧಾನವಾದರೂ ನಡೆದಿದೆ ಅನ್ನಬೇಕು.

ಈ ಕಚ್ಚು ಕಿವಿಯನ್ನು ನೋಡಿದವರು ಸಾಮಾನ್ಯವಾಗಿ ಅಂದುಕೊಳ್ಳುವುದೇನೆಂದರೆ, ಎರಡು ಮಕ್ಕಳಾದ ಮೇಲೆ ಹೆಂಗಸರಿಗೆ ಮಾಡುವ ಆಪರೇಷನ್ನೇ ನಾಯಿಗೂ ಮಾಡಿದ್ದಾರೆ ಎಂದು. ಅಲ್ಲ. ಹೆಂಗಸಿನ ಟ್ಯೂಬೆಕ್ಟಮಿಯಲ್ಲಿ, ಅಂಡಾಶಯದಿಂದ ಗರ್ಭಕೋಶದತ್ತ ಬರುವ ಹತ್ತು-ಹನ್ನೆರಡು ಸೆಂಟಿಮೀಟರ್ ಉದ್ದದ ಅಂಡನಾಳವನ್ನು ಎರಡೂ ಕಡೆ ಕಟ್ಟಿ ಸಣ್ಣದೊಂದು ತುಣುಕು ಕತ್ತರಿಸುತ್ತಾರೆ, ಇಲ್ಲವೆ ಅದಕ್ಕೆ ಉಂಗುರ ತೊಡಿಸುತ್ತಾರೆ. ಅಂಡಾಶಯ, ಗರ್ಭಕೋಶ ಎರಡೂ ಇದ್ದಲ್ಲೇ ಇರುತ್ತವೆ. ಮುಟ್ಟು ನಿಲ್ಲುವುದಿಲ್ಲ, ಹಾರ್ಮೋನು ಕಡಿಮೆಯಾಗುವುದಿಲ್ಲ. ಹೆಣ್ಣುನಾಯಿಯಲ್ಲಿ ಹಾಗಲ್ಲ, ಎರಡು ಅಂಡಾಶಯಗಳ ಜೊತೆಗೆ ಇಡೀ ಗರ್ಭಕೋಶವನ್ನೇ ತೆಗೆಯುವುದು ವಾಡಿಕೆ.

ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ನಡೆಯುವುದನ್ನು ಹತ್ತಿರದಿಂದ ನೋಡೋಣ. ಹೊಟ್ಟೆಯ ನಡುವಿನಲ್ಲೋ ಪಕ್ಕೆಯಲ್ಲೋ ಬೆರಳುದ್ದಕ್ಕೂ ಕಡಿಮೆಯ ಕೊಯ್ತ. ಅದರೊಳಗೆ ತುದಿ ಬಾಗಿದ ಸಣ್ಣ ಕೊಕ್ಕೆ ಇಳಿಸಿ ವೈದ್ಯರು ಹುಡುಕುವುದು ಪೆನ್ಸಿಲಿಗಿಂತ ಸಣ್ಣಗಿರುವ, ತಿಳಿಗೆಂಪು ಬಣ್ಣದ ಒಂದು ಕೊಳವೆಯನ್ನು. ಅದು ಗರ್ಭಕೋಶದ ಒಂದು ಕೊಂಬು. ನಾಯಿಯ ಗರ್ಭಕೋಶವೆಂದರೆ ಪೈಜಾಮ ಇದ್ದ ಹಾಗೆ: ಸೊಂಟದ ಭಾಗ ಗಿಡ್ಡ, ಎರಡು ಕಾಲು ಉದ್ದ. ಮಧ್ಯಮ ಗಾತ್ರದ ನಾಯಿಯಲ್ಲಿ ನಡುಭಾಗ ಎರಡು-ಮೂರು ಸೆಂಟಿಮೀಟರ್. ಒಂದೊಂದು ಕೊಂಬೂ ಹತ್ತು ಸೆಂಟಿಮೀಟರ್ ದಾಟುತ್ತದೆ. ಕೊಂಬನ್ನು ಹಿಡಿದು ಮೇಲಕ್ಕೆ ಹೋದರೆ ಮೂತ್ರಪಿಂಡದ ಹಿಂದೆ, ಕೊಬ್ಬು ತುಂಬಿದ ಚೀಲದೊಳಗೆ ಅಂಡಾಶಯ ಅಡಗಿರುತ್ತದೆ. ಅದನ್ನು ಪಕ್ಕೆಲುಬಿನ ಕಡೆಗೆ ಬಿಗಿದಿರುವ ಗಟ್ಟಿ ಹುರಿಯನ್ನು ಬೆರಳಿನಿಂದಲೇ ಹಿಗ್ಗಿಸಿ ಸಡಿಲಿಸಬೇಕು. ಸಡಿಲಿಸದಿದ್ದರೆ ಅಂಡಾಶಯ ಮೇಲೆ ಬರುವುದಿಲ್ಲ. ಅಡ್ಡಾದಿಡ್ಡಿ ಎಳೆದರೆ ಪಕ್ಕದ ರಕ್ತನಾಳ ಹರಿಯುತ್ತದೆ. ಇಡೀ ಚಿಕಿತ್ಸೆಯಲ್ಲಿ ವೈದ್ಯರ ಎದೆ ಢವಗುಟ್ಟುವ ಗಳಿಗೆ ಇದೇ. ರಕ್ತನಾಳ ಕಟ್ಟಿ, ಕತ್ತರಿಸಿ, ಕೊಂಬಿನ ಗುಂಟ ಕವಲಿನವರೆಗೆ ಇಳಿದು, ಇನ್ನೊಂದು ಕೊಂಬಿನ ಗುಂಟ ಮತ್ತೆ ಮೇಲೆ ಹೋಗಿ ಎರಡನೆಯ ಅಂಡಾಶಯವನ್ನೂ ಬಿಡಿಸಿ, ಕೊನೆಗೆ ಗರ್ಭಕಂಠದ ಹತ್ತಿರ ಕಟ್ಟಿದರೆ ಒಳಗಿನ ಕೆಲಸ ಮುಗಿಯಿತು.

ಇಷ್ಟೆಲ್ಲ ಯಾಕೆ, ಹೆಂಗಸರಿಗೆ ಮಾಡುವಂತೆ ನಾಳ ಕಟ್ಟಿಬಿಟ್ಟರೆ ಸಾಲದೆ? ಮರಿ ಆಗದಿರಲು ಸಾಕು. ಆದರೆ ಅಂಡಾಶಯ ಉಳಿದರೆ ನಾಯಿ ಬೆದೆಗೆ ಬರುವುದು ನಿಲ್ಲುವುದಿಲ್ಲ. ಬೆದೆಗೆ ಬಂದ ಒಂದು ಹೆಣ್ಣಿನ ಹಿಂದೆ ನಾಲ್ಕು ಬೀದಿಯ ಗಂಡುಗಳು ಸೇರಿ ರಾತ್ರಿಯಿಡೀ ಕಚ್ಚಾಡುವುದು ಹಾಗೆಯೇ ಮುಂದುವರಿಯುತ್ತದೆ. ಅದಕ್ಕಿಂತ ಗಂಭೀರವಾದ ಕಾರಣ ಇನ್ನೊಂದಿದೆ. ಹೆಂಗಸಿನಲ್ಲಿ ಅಂಡ ಬಿಡುಗಡೆಯಾದ ಮೇಲೆ ಗರ್ಭ ನಿಲ್ಲದಿದ್ದರೆ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಎರಡು ವಾರದಲ್ಲಿ ಇಳಿಯುತ್ತದೆ, ಗರ್ಭಕೋಶದ ಒಳಪದರ ಕಳಚಿ ಹೊರಬೀಳುತ್ತದೆ. ನಾಯಿಯ ದೇಹಕ್ಕೆ ಈ ಲೆಕ್ಕ ಇಲ್ಲ. ಗರ್ಭ ನಿಂತರೂ ನಿಲ್ಲದಿದ್ದರೂ ಹಾರ್ಮೋನು ಸುಮಾರು ಎರಡು ತಿಂಗಳು ಏರಿಯೇ ಇರುತ್ತದೆ. ನಾಯಿಯ ಬಸಿರಿನ ಅವಧಿಯೂ ಹೆಚ್ಚುಕಡಿಮೆ ಅಷ್ಟೇ, 63 ದಿನ. ಮರಿಯಿಲ್ಲದೆಯೂ ಮೊಲೆ ಊದಿ ಹಾಲು ಬರುವುದು, ಮೂಲೆ ಕೆರೆಯುವುದು, ಚಪ್ಪಲಿಯನ್ನು ಮರಿಯಂತೆ ಕಾಯುವುದು ಇವೆಲ್ಲ ಅದರ ಫಲ. ಪ್ರತಿ ಬೆದೆಯ ನಂತರವೂ ಗರ್ಭಕೋಶ ಹೀಗೆ ತಿಂಗಳುಗಟ್ಟಲೆ ಊದಿಕೊಂಡು, ಬಾಯಿ ಮುಚ್ಚಿಕೊಂಡು ಕೂತರೆ ರೋಗಾಣುಗಳಿಗೆ ಹಬ್ಬ. ವಯಸ್ಸಾದ ಹೆಣ್ಣುನಾಯಿಗಳ ಗರ್ಭಕೋಶದಲ್ಲಿ ಕೀವು ತುಂಬುವ ರೋಗ ಎಷ್ಟು ಸಾಮಾನ್ಯ ಎಂದು ಪಶುವೈದ್ಯರನ್ನು ಕೇಳಿದರೆ ಗೊತ್ತಾಗುತ್ತದೆ. ಹೊತ್ತಿಗೆ ಚಿಕಿತ್ಸೆ ಸಿಗದಿದ್ದರೆ ನಾಯಿ ಸಾಯುತ್ತದೆ.

ಹಾಗಾದರೆ ಸಾಕುನಾಯಿ ನೆಲದ ಮೇಲೆ ಹನಿಸುವ ರಕ್ತ? ಅದನ್ನು ಮುಟ್ಟು ಎಂದುಕೊಳ್ಳುವ ಮನೆಗಳು ಬಹಳ. ಅದು ಮುಟ್ಟಲ್ಲ. ಹೆಂಗಸಿಗೆ ರಕ್ತ ಹೋಗುವುದು ಗರ್ಭ ನಿಲ್ಲುವ ಅವಕಾಶ ಕಳೆದುಹೋದ ಮೇಲೆ. ನಾಯಿಗೆ ಹೋಗುವುದು ಆ ಅವಕಾಶ ಬರುವ ಮುಂಚೆ, ಬೆದೆಯ ಮುನ್ಸೂಚನೆಯಾಗಿ. ‘ರಕ್ತ ನಿಂತಿತು, ಇನ್ನು ಹೊರಗೆ ಬಿಡಬಹುದು’ ಎಂದು ಸರಪಳಿ ಬಿಚ್ಚುವವರು ಸರಿಯಾಗಿ ತಪ್ಪು ದಿನಕ್ಕೇ ಬಿಚ್ಚುತ್ತಾರೆ. ನಿಜವಾದ ಮುಟ್ಟು ಪ್ರಾಣಿಲೋಕದಲ್ಲಿ ಅಪರೂಪ. ಮನುಷ್ಯರು, ಕೋತಿಗಳು, ವಾನರಗಳು, ಕೆಲವು ಬಾವಲಿಗಳು, ಆಫ್ರಿಕದ ಉದ್ದ ಮೂತಿಯ ಒಂದು ಸಣ್ಣಪ್ರಾಣಿ, 2016ರಲ್ಲಿ ಪತ್ತೆಯಾದಂತೆ ಒಂದು ಮುಳ್ಳಿಲಿ. ಪಟ್ಟಿ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯುತ್ತದೆ.

ನಾಯಿಯ ಗರ್ಭಕೋಶಕ್ಕೆ ಕೊಂಬುಗಳಿವೆ, ಹೆಂಗಸಿನದಕ್ಕೆ ಇಲ್ಲ. ಆದರೆ ಎರಡೂ ಶುರುವಾಗುವುದು ಒಂದೇ ರೀತಿ. ಭ್ರೂಣದ ಹೊಟ್ಟೆಯೊಳಗೆ ಎಡಕ್ಕೊಂದು ಬಲಕ್ಕೊಂದು ಕೂದಲೆಳೆಯಂಥ ನಾಳ ಮೂಡುತ್ತದೆ. 1830ರಲ್ಲಿ ಇವನ್ನು ವಿವರಿಸಿದ ಜರ್ಮನಿಯ ಯೋಹಾನೆಸ್ ಮ್ಯೂಲರ್ ಹೆಸರಿನಲ್ಲೇ ಅವು ಮ್ಯೂಲರ್ ನಾಳಗಳು. ಮುಂದಿನದೆಲ್ಲ ಈ ಎರಡು ನಾಳಗಳು ಎಲ್ಲಿಂದ, ಎಷ್ಟು ದೂರ ಕೂಡಿಕೊಳ್ಳುತ್ತವೆ ಎಂಬುದರ ಮೇಲೆ. ಮೊಲದಲ್ಲಿ ಕೂಡುವುದೇ ಇಲ್ಲ ಅನ್ನಬಹುದು: ಎರಡು ಗರ್ಭಕೋಶ, ಎರಡು ಗರ್ಭಕಂಠ. ಕಾಂಗರೂವಿನಲ್ಲಿ ಯೋನಿಮಾರ್ಗವೂ ಜೋಡಿ. ನಾಯಿ, ಬೆಕ್ಕು, ಹಂದಿ, ಹಸುಗಳಲ್ಲಿ ಬುಡ ಮಾತ್ರ ಕೂಡಿ ಮೇಲ್ಭಾಗ ಕವಲಾಗಿ ಉಳಿಯುತ್ತದೆ. ಮನುಷ್ಯ ಮತ್ತು ಕೋತಿಗಳಲ್ಲಿ ಅಂಡನಾಳ ಬಿಟ್ಟು ಮಿಕ್ಕೆಲ್ಲ ಒಂದಾಗಿ, ಸುಮಾರು ಏಳೂವರೆ ಸೆಂಟಿಮೀಟರ್ ಉದ್ದದ, ದಪ್ಪಗೋಡೆಯ ಒಂದೇ ಕೋಣೆಯಾಗುತ್ತದೆ. ತುಂಬುಗರ್ಭದ ಹೊತ್ತಿಗೆ ಆ ಗೋಡೆಯೇ ಸುಮಾರು ಒಂದು ಕೆ.ಜಿ. ತೂಗುತ್ತದೆ.

ಉದ್ದ ಕೊಂಬಿರುವುದು ಸಾಲಾಗಿ ಆರು-ಏಳು ಮರಿ ಕೂರಿಸುವುದಕ್ಕೆ, ಒಂದೇ ಕೋಣೆ ಇರುವುದು ಒಂದೇ ಮಗುವಿಗೆ ಎಂಬ ವಿವರಣೆ ನಾಲಿಗೆಗೆ ಸುಲಭವಾಗಿ ಬರುತ್ತದೆ. ಪೂರ್ತಿ ಒಪ್ಪುವುದು ಕಷ್ಟ. ಹಸು ಈಯುವುದು ಸಾಮಾನ್ಯವಾಗಿ ಒಂದೇ ಕರು, ಆದರೂ ಅದಕ್ಕೆ ಟಗರಿನ ಕೊಂಬಿನಂತೆ ಸುರುಳಿ ಸುತ್ತಿದ ಎರಡು ಕವಲು. ಹಸು ಗಬ್ಬವಾಗಿದೆಯೋ ಇಲ್ಲವೋ ಎಂದು ನೋಡಲು ಬಂದ ವೈದ್ಯರು ಭುಜದವರೆಗೆ ಕೈಗವಸು ಹಾಕಿ ಗುದದ್ವಾರದ ಮೂಲಕ ತಡವುವುದು ಈ ಕವಲುಗಳನ್ನೇ. ಎರಡರಲ್ಲಿ ಒಂದು ದಪ್ಪವಾಗಿ, ಒಳಗೆ ನೀರು ತುಂಬಿದಂತೆ ಕೈಗೆ ಸಿಕ್ಕರೆ ಕರು ಅಲ್ಲಿದೆ. ಹೆಚ್ಚಿನ ಸಲ ಅದು ಬಲಗಡೆಯ ಕೊಂಬು.

ಕೋಳಿ ಇನ್ನೊಂದು ದಾರಿ ಹಿಡಿದಿದೆ. ಅದು ಎರಡು ನಾಳಗಳನ್ನು ಕೂಡಿಸುವ ಗೊಡವೆಗೇ ಹೋಗದೆ ಬಲಗಡೆಯ ಅಂಡಾಶಯವನ್ನೂ ನಾಳವನ್ನೂ ಬೆಳೆಯಗೊಡದೆ ಬಿಟ್ಟುಬಿಡುತ್ತದೆ. ಮೊಟ್ಟೆ ಕಡಿಮೆಯಾದ ಲೇಯರ್ ಕೋಳಿಯನ್ನು ಅಂಗಡಿಯಲ್ಲಿ ಕೊಯ್ಯುವಾಗ ಗಮನಿಸಿ: ಎಡಬದಿಯಲ್ಲಿ ಮಾತ್ರ, ಸಾಸಿವೆಯಿಂದ ಹಿಡಿದು ನಿಂಬೆಹಣ್ಣಿನ ಗಾತ್ರದವರೆಗೆ ಹಳದಿ ಭಂಡಾರಗಳ ಗೊಂಚಲು ಇರುತ್ತದೆ. ಅತಿ ದೊಡ್ಡದು ನಾಳೆಯ ಮೊಟ್ಟೆ. ಅದು ನಾಳಕ್ಕೆ ಬಿದ್ದು, ಸುಮಾರು ಮೂರು ಗಂಟೆ ಬಿಳಿಭಾಗ ಸುತ್ತಿಕೊಂಡು, ಚಿಪ್ಪು ಕಟ್ಟುವ ಕೋಣೆಯಲ್ಲಿ ಇಪ್ಪತ್ತು ಗಂಟೆ ಕಳೆದು ಹೊರಬರುತ್ತದೆ.

ಮನುಷ್ಯರಲ್ಲಿ ಮ್ಯೂಲರ್ ನಾಳಗಳ ಕೂಡುವಿಕೆ ಕೆಲವೊಮ್ಮೆ ಅರ್ಧಕ್ಕೇ ನಿಲ್ಲುತ್ತದೆ. ಆಗ ಹುಟ್ಟುವುದು ನಾಯಿಯದನ್ನು ನೆನಪಿಸುವ ಕವಲು ಗರ್ಭಕೋಶ. ಅಥವಾ ಹೊರಗೆ ಒಂದಾಗಿ ಕಂಡರೂ ಒಳಗೆ ಅಡ್ಡಗೋಡೆ ಉಳಿದ ಗರ್ಭಕೋಶ. ತೀರಾ ಅಪರೂಪಕ್ಕೆ ಮೊಲದಂತೆ ಎರಡೂ ಬೇರೆ ಬೇರೆ. ಇಂಥ ಒಂದಲ್ಲ ಒಂದು ವ್ಯತ್ಯಾಸ ನೂರರಲ್ಲಿ ಸುಮಾರು ಐವರು ಹೆಂಗಸರಲ್ಲಿ ಇರುತ್ತದೆ; ಎಷ್ಟೋ ಜನರಿಗೆ ಸ್ಕ್ಯಾನ್ ಮಾಡಿಸುವ ತನಕ ಗೊತ್ತೇ ಇರುವುದಿಲ್ಲ. ಸುಸೂತ್ರವಾಗಿ ಹೆತ್ತವರೂ ಉಂಟು, ಮೇಲಿಂದ ಮೇಲೆ ಗರ್ಭಪಾತವಾಗಿ ‘ಕಾಲ್ಗುಣ’ದ ಮಾತು ಕೇಳಿಸಿಕೊಂಡವರೂ ಉಂಟು. ಕಾರಣ ಕಾಲಿನಲ್ಲೂ ಇಲ್ಲ, ಜಾತಕದಲ್ಲೂ ಇಲ್ಲ. ಆಕೆ ತನ್ನ ತಾಯಿಯ ಹೊಟ್ಟೆಯಲ್ಲಿ ಮೂರು-ನಾಲ್ಕು ತಿಂಗಳ ಭ್ರೂಣವಾಗಿದ್ದಾಗ ಅರ್ಧಕ್ಕೆ ನಿಂತ ಒಂದು ಹೆಣಿಗೆಯಲ್ಲಿದೆ. ಮೂತ್ರಪಿಂಡವೂ ಅದೇ ನೆರೆಹೊರೆಯಲ್ಲಿ, ಅದೇ ಕಾಲಕ್ಕೆ ರೂಪುಗೊಳ್ಳುವುದರಿಂದ ಇಂಥವರಲ್ಲಿ ಎರಡೂ ಮೂತ್ರಪಿಂಡ ಇವೆಯೇ ಎಂದು ವೈದ್ಯರು ನೋಡಿಕೊಳ್ಳುತ್ತಾರೆ.

ಗಂಡು ಭ್ರೂಣದಲ್ಲೂ ಈ ನಾಳಗಳು ಮೂಡುತ್ತವೆ. ವೃಷಣ ಸ್ರವಿಸುವ ಒಂದು ವಸ್ತು ಅವನ್ನು ಕರಗಿಸುತ್ತದೆ ಎಂದು 1940ರ ದಶಕದಲ್ಲಿ ಮೊಲದ ಭ್ರೂಣಗಳ ಮೇಲೆ ಪ್ರಯೋಗ ಮಾಡಿ ತೋರಿಸಿದವರು ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್. ಕರಗಿದ ಮೇಲೂ ಅಕ್ಕಿಕಾಳಿನಷ್ಟು ಚೂರೊಂದು ವೃಷಣದ ನೆತ್ತಿಗೆ ಅಂಟಿ ಉಳಿಯುವುದುಂಟು. ಹುಡುಗರಲ್ಲಿ ಅದು ತಿರುಚಿಕೊಂಡು ವಿಪರೀತ ನೋವು ಕೊಡುವುದೂ ಉಂಟು. ಇನ್ನು ವೃಷಣ ಹೊರಗೆ ಚೀಲದಲ್ಲಿ ತೂಗಾಡುವುದು ತಂಪಿಗಾಗಿ ಎಂಬುದು ಪಠ್ಯಪುಸ್ತಕದ ಮಾತು. ಬನ್ನೇರುಘಟ್ಟಕ್ಕೆ ಹೋಗಿ ಗಂಡಾನೆಯ ಹಿಂದೆ ನಿಂತು ಹುಡುಕಿದರೆ ಚೀಲ ಸಿಗದು. ಆನೆಯ ವೃಷಣಗಳು ಹೊಟ್ಟೆಯೊಳಗೆ, ಮೂತ್ರಪಿಂಡದ ಹತ್ತಿರವೇ ಇರುತ್ತವೆ, ಅಲ್ಲಿನ ಬಿಸಿಯಲ್ಲೇ ಕೆಲಸ ಮಾಡುತ್ತವೆ.

ಗಂಡುನಾಯಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮನುಷ್ಯರಿಗಿಲ್ಲದ ಮೂಳೆಯೊಂದು ನಾಯಿಯ ಶಿಶ್ನದಲ್ಲಿದೆ. ಅದರ ಬುಡದಲ್ಲಿ ರಕ್ತ ತುಂಬಿ ಊದಿಕೊಳ್ಳುವ ಗಂಟೊಂದಿದೆ. ಕೂಡಿದ ಮೇಲೆ ಗಂಟು ಊದುತ್ತದೆ, ಹೆಣ್ಣಿನ ಸ್ನಾಯು ಬಿಗಿಯುತ್ತದೆ, ಗಂಡು ಕಾಲು ದಾಟಿಸಿ ತಿರುಗುತ್ತದೆ. ಹೀಗೆ ಬೆನ್ನಿಗೆ ಬೆನ್ನು ಮಾಡಿ ಕಾಲು ಗಂಟೆ, ಅರ್ಧ ಗಂಟೆ ನಿಲ್ಲುತ್ತವೆ. ಆ ಹೊತ್ತಿನಲ್ಲಿ ಸ್ರವಿಸುವ ಪ್ರಾಸ್ಟೇಟ್ ದ್ರವ ವೀರ್ಯವನ್ನು ಉದ್ದ ಕೊಂಬುಗಳತ್ತ ತಳ್ಳುತ್ತದೆ. ಬೇಕೆಂದರೂ ಅವು ಬಿಡಿಸಿಕೊಳ್ಳಲಾರವು. ಕಲ್ಲು ತೂರುವ ಹುಡುಗರಿಗೆ, ಬಿಸಿನೀರು ಎರಚುವ ದೊಡ್ಡವರಿಗೆ ಇದು ಗೊತ್ತಿರಬೇಕು. ಗಾಬರಿಯಲ್ಲಿ ಎಳೆದಾಡಿದರೆ ಎರಡೂ ಪ್ರಾಣಿಗಳ ಅಂಗಕ್ಕೆ ಪೆಟ್ಟಾಗುತ್ತದೆ, ಮರಿಯಾಗುವುದಂತೂ ತಪ್ಪುವುದಿಲ್ಲ.

ನಾಯಿಗೆ ಎಲ್ಲವನ್ನೂ ತೆಗೆಯುವುದು ಅದರ ದೇಹದ ಲೆಕ್ಕಕ್ಕೆ ಸರಿ. ಆ ಲೆಕ್ಕವನ್ನು ಹೆಂಗಸರ ಮೇಲೆ ಹೇರಿದಾಗ ಆಗುವುದು ಅನಾಹುತ. 1930ರಲ್ಲಿಯೇ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶಿಸಿದ ಮೈಸೂರು ಸಂಸ್ಥಾನದ ನಾಡು ನಮ್ಮದು. ಇದೇ ನಾಡಿನ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ, ಬಿಳಿ ಹೋಗುತ್ತದೆ, ಹೊಟ್ಟೆ ನೋವು ಎಂದು ಹೋದ ಲಂಬಾಣಿ ಹೆಂಗಸರ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆದ ಪ್ರಕರಣಗಳು 2015ರಲ್ಲಿ ಬಯಲಿಗೆ ಬಂದವು. ಬೇರೆ ರಾಜ್ಯಗಳ ಇಂಥದೇ ದೂರುಗಳ ಮೇಲೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಹೇಳಿತು. ಗರ್ಭಕೋಶ ತೆಗೆದರೆ ಮುಟ್ಟು ನಿಲ್ಲುತ್ತದೆ. ಅದರ ಜೊತೆ ಅಂಡಾಶಯವನ್ನೂ ತೆಗೆದರೆ ಮೂವತ್ತೈದರ ಹೆಂಗಸಿಗೆ ಒಂದೇ ದಿನದಲ್ಲಿ ಐವತ್ತರ ಬದಲಾವಣೆ ಬರುತ್ತದೆ. ಮೈ ಬಿಸಿಯೇರುವುದು, ನಿದ್ದೆಗೆಡುವುದು ಮೊದಲು. ಮೂಳೆ ಸವೆಯುವುದು, ಹೃದಯಕ್ಕೆ ಅಪಾಯ ಹೆಚ್ಚುವುದು ಆಮೇಲೆ. ಕ್ಯಾನ್ಸರಿನಂಥ ಕಾರಣ ಇದ್ದಾಗ ತೆಗೆಯಲೇಬೇಕಾಗುತ್ತದೆ, ಅದು ಬೇರೆ ಮಾತು. ನಿಮ್ಮ ಮನೆಯ ಹೆಂಗಸರಿಗೆ ಯಾರಾದರೂ ಈ ಆಪರೇಷನ್ ಸೂಚಿಸಿದರೆ ಮೂರು ಪ್ರಶ್ನೆ ಕೇಳಿ: ಮಾತ್ರೆಯಲ್ಲಿ ವಾಸಿಯಾಗುವುದಿಲ್ಲವೆ, ಇನ್ನೊಬ್ಬ ವೈದ್ಯರಿಗೆ ತೋರಿಸಲು ಈ ರಿಪೋರ್ಟುಗಳ ಪ್ರತಿ ಕೊಡುತ್ತೀರಾ, ಅಂಡಾಶಯ ಉಳಿಸುತ್ತೀರೋ ಇಲ್ಲವೋ. ಉತ್ತರ ಬರೆಸಿಕೊಂಡ ಮೇಲೆಯೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ.